ತೂಬಿಗೆ ಕರೆಂಟ್ ಬೇಕೇ?

ಪ್ರಿಯ ಲೇಖಕರೇ,

‘ಗ್ಯಾಸ್ಟ್ರಿಕ್ ಮಾತ್ರೆಯ ಒಳಗುಟ್ಟು’ ಓದಿದೆ. ಕಾಫಿಗೂ ಮೊದಲು ಪ್ಯಾಂಟೊಪ್ರಜೋಲ್ ಎಂಬ ಆ ಮಾತ್ರೆ ನುಂಗಿ, ಗಡಿಯಾರ ನೋಡುತ್ತಾ ಕೂರುವ ನಿಮ್ಮ ಮಾವನವರು ಇಷ್ಟವಾದರು. ಭಾಷೆಯೂ ಸಲೀಸಾಗಿದೆ. ಆದರೆ ಮೂರನೇ ಪ್ಯಾರಾ ಓದಿ ನನಗೆ ರೇಗಿತು. ಅದರ ಎರಡು ಸಾಲುಗಳ ಬಗ್ಗೆ ಮಾತ್ರ ಹೇಳುತ್ತೇನೆ.

‘ಈ ಮಾತ್ರೆ ಜಠರದ ಅಯಾನ್ ಚಾನೆಲ್ ಎಂಬ ಬಾಗಿಲನ್ನು ಮುಚ್ಚುತ್ತದೆ.’ ಯಾವ ಬಾಗಿಲು ಸ್ವಾಮಿ? ಅದು ಕೆಡಿಸುವುದು ಪಂಪನ್ನು. ಚಾನೆಲ್ ಅಂದರೆ ಕೆರೆಯ ತೂಬು. ಎತ್ತಿದರೆ ನೀರು ತಾನಾಗಿ ತಗ್ಗಿಗೆ ಹರಿಯುತ್ತದೆ. ಪಂಪ್ ಅಂದರೆ ಬೋರ್‌ವೆಲ್ ಮೋಟರ್. ಕರೆಂಟ್ ಹೋದರೆ ತೊಟ್ಟು ನೀರೂ ಮೇಲೆ ಬರುವುದಿಲ್ಲ. ಜಠರದ ಗೋಡೆಯ ಜೀವಕೋಶಗಳಲ್ಲಿರುವ ಈ ಪಂಪ್, ಎಟಿಪಿ ಎಂಬ ಜೀವಕೋಶದ ಇಂಧನ ಖರ್ಚು ಮಾಡಿ, ಆಮ್ಲಕ್ಕೆ ಬೇಕಾದ ಹೈಡ್ರೋಜನ್ ಅಯಾನನ್ನು (ಅಯಾನು ಅಂದರೆ ವಿದ್ಯುದಾವೇಶ ಇರುವ ಕಣ) ಆಚೆ ತಳ್ಳಿ, ಬದಲಿಗೆ ಪೊಟ್ಯಾಸಿಯಂ ಅಯಾನನ್ನು ಒಳಗೆ ಎಳೆದುಕೊಳ್ಳುತ್ತದೆ. ಆಚೆ ಕಡೆ ರಕ್ತಕ್ಕಿಂತ 10 ಲಕ್ಷ ಪಟ್ಟು ಜಾಸ್ತಿ ಹೈಡ್ರೋಜನ್ ಅಯಾನು ತುಂಬಿದ್ದರೂ ತಳ್ಳುತ್ತಲೇ ಇರುತ್ತದೆ. ತೂಬಿನ ಕೈಯಲ್ಲಿ ಇದಾಗುತ್ತಾ?

ಈ ಕಸುಬಿಗೆ ಬಂದ ಹೊಸತರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ನರಕೋಶದ ಬಗ್ಗೆ ಬರೆಯುತ್ತಾ ‘ಸೋಡಿಯಂ ಚಾನೆಲ್ ಸೋಡಿಯಮ್ಮನ್ನು ಹೊರಗೆ ದೂಡುತ್ತದೆ’ ಅಂದುಬಿಟ್ಟೆ. ನಮ್ಮ ಹಿರಿಯ ಸಂಪಾದಕರು ಕೆರೆ ಬಯಲಿನ ರೈತರ ಮನೆಯವರು. ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಗೀಚಿದರು: ‘ತೂಬಿಗೆ ಕರೆಂಟ್ ಬೇಕೇನಯ್ಯಾ?’ ಆಮೇಲೆ ಒಂದು ವಾರ ಆಫೀಸಿನಲ್ಲಿ ನನ್ನ ಹೆಸರೇ ‘ತೂಬು’.

ತಮಾಷೆಯೆಂದರೆ, ನಿಮಗೆ ಬೇಕಾದ ಚಾನೆಲ್ ಪಂಪಿನ ಪಕ್ಕದಲ್ಲೇ ಇದೆ. ಒಳಗೆ ಬಂದ ಪೊಟ್ಯಾಸಿಯಂ ಕೆಸಿಎನ್‌ಕ್ಯೂ1 ಎಂಬ ಚಾನೆಲ್ ಮೂಲಕ ಮತ್ತೆ ಆಚೆ ಹರಿಯುತ್ತದೆ. ಹರಿಯದಿದ್ದರೆ ಪಂಪಿಗೆ ಅದಲುಬದಲಿಗೆ ಪೊಟ್ಯಾಸಿಯಂ ಸಿಗದೆ ಆಮ್ಲ ಬರುವುದೇ ನಿಲ್ಲುತ್ತದೆ. ಇದೇ ಚಾನೆಲ್ ಹೃದಯದಲ್ಲೂ ಕೆಲಸ ಮಾಡುತ್ತದೆ. ಕಥೆ ಅಲ್ಲಿತ್ತು. ನೀವು ‘ಚಾನೆಲ್’ ಅನ್ನುವ ಪದವನ್ನಷ್ಟೇ ಸುಮ್ನೆ ಎತ್ತಿಕೊಂಡು ಬಂದಿರಿ.

ಎರಡನೇ ಸಾಲು: ‘ಮಾತ್ರೆ ಹೊಟ್ಟೆಗಿಳಿದು ಅಲ್ಲಿರುವ ಆಮ್ಲವನ್ನು ಕೊಲ್ಲುತ್ತದೆ.’ ಕೊಲ್ಲಲು ಆಮ್ಲವೇನು ಸೊಳ್ಳೆಯೇ? ಈಗಾಗಲೇ ಇರುವ ಆಮ್ಲದ ತಂಟೆಗೆ ಅದು ಹೋಗುವುದಿಲ್ಲ. ಮಾತ್ರೆಯ ಹೊದಿಕೆ ಜಠರದಲ್ಲಿ ಕರಗದೆ ಸಣ್ಣ ಕರುಳು ಸೇರುತ್ತದೆ. ಔಷಧಿ ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಹಿತ್ತಲ ದಾರಿಯಲ್ಲಿ ಆ ಜೀವಕೋಶಕ್ಕೆ. ಪಂಪ್ ಹೊರಹಾಕಿದ ಆಮ್ಲವೇ ಮಲಗಿದ್ದ ಔಷಧಿಯನ್ನು ಎಬ್ಬಿಸುತ್ತದೆ. ಎದ್ದದ್ದು ಪಂಪಿನ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಭಾಗವನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಔಷಧಿ ಅರ್ಧಕ್ಕಿಳಿದರೂ ಆ ಪಂಪ್ ಕೆಟ್ಟೇ ಇರುತ್ತದೆ. ಹೊಸ ಪಂಪುಗಳು ತಯಾರಾಗಬೇಕು. ಓಡುವ ಪಂಪು ಮಾತ್ರ ಔಷಧಿಗೆ ಸಿಕ್ಕುವುದು, ಪಂಪುಗಳು ಜೋರಾಗಿ ಓಡುವುದು ತಿಂಡಿ ಬಿದ್ದಾಗ. ಮಾತ್ರೆ ನುಂಗಿ ಅರ್ಧ ಗಂಟೆ ಮಾವನವರು ಗಡಿಯಾರ ನೋಡುವುದು ಅದಕ್ಕೇ ಅಲ್ವಾ? ನೀವು ಅದನ್ನು ಅವರ ಚಟ ಎಂದು ಬರೆದಿದ್ದೀರಿ.

ಮೂರನೇ ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ. ಆ ‘ಚಟ’ ತೆಗೆದುಬಿಡಿ, ಮಾವನವರನ್ನು ಮುಟ್ಟಬೇಡಿ.

— ಸಂಪಾದಕ