ತೊಡೆಸಂದು, ಕಂಕುಳಿನ ಕೂದಲನ್ನು ಉರಿ, ಗುಳ್ಳೆ ಇಲ್ಲದೆ ತೆಗೆಯುವುದು ಹೇಗೆ?

ನೀವು ಬರೆದಿರುವುದು ಇಷ್ಟು: ವಯಸ್ಸು ಇಪ್ಪತ್ತೆಂಟು, ಮುಂದಿನ ತಿಂಗಳ ಕೊನೆಗೆ ಮದುವೆ. ರೇಜರ್ ಬಳಸಿದರೆ ಎರಡನೆಯ ದಿನ ತೊಡೆಸಂದಿನ ತುಂಬ ಕೆಂಪು ಗುಳ್ಳೆ, ಕ್ರೀಮು ಹಚ್ಚಿದರೆ ಉರಿ, ಪಾರ್ಲರಿನಲ್ಲಿ ವ್ಯಾಕ್ಸ್ ಮಾಡಿಸಲು ಸಂಕೋಚ. ಯಾರನ್ನು ಕೇಳುವುದೆಂದು ತಿಳಿಯದೆ ಇಲ್ಲಿ ಕೇಳಿದ್ದೀರಿ.

ಸರಿಯಾದ ಜಾಗದಲ್ಲಿಯೇ ಕೇಳಿದ್ದೀರಿ. ನಾನು ಹದಿನೆಂಟು ವರ್ಷಗಳಿಂದ ಕರಾವಳಿಯ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ನಿಮಗೆ ಮುಜುಗರ ತರುವ ಈ ವಿಷಯ ನನಗೆ ದಿನನಿತ್ಯದ ಕೆಲಸ. ಶಸ್ತ್ರಚಿಕಿತ್ಸೆಗೆ ಮೊದಲು ಆ ಭಾಗದ ಕೂದಲು ತೆಗೆದು ಚರ್ಮವನ್ನು ಸಿದ್ಧಪಡಿಸುವುದನ್ನು ನಾವು ‘ಪಾರ್ಟ್ಸ್ ಪ್ರಿಪರೇಷನ್’ ಎನ್ನುತ್ತೇವೆ. ಹರ್ನಿಯಾ, ಸಿಸೇರಿಯನ್, ಮೂಲವ್ಯಾಧಿ ಎಂದು ಬಂದ ಎಷ್ಟು ಜನರ ತೊಡೆಸಂದು ನೋಡಿದ್ದೇನೋ ಲೆಕ್ಕವಿಲ್ಲ. ಅದರಿಂದ ಕಲಿತ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕೂದಲನ್ನು ಪೂರ್ತಿ ತೆಗೆಯಬೇಡಿ, ಗಿಡ್ಡ ಮಾಡಿ. ಒಂದು ಟ್ರಿಮ್ಮರ್ ಕೊಂಡುಕೊಳ್ಳಿ, ಒಂದೆರಡು ಮಿಲಿಮೀಟರ್ ಕೂದಲು ಉಳಿಯಲಿ. ನಿಮ್ಮ ತೊಂದರೆಯ ಹೆಚ್ಚಿನ ಪಾಲು ಅಲ್ಲಿಗೇ ಮುಗಿಯುತ್ತದೆ.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯೇ ವಾರ್ಡಿನಲ್ಲಿ ಸೋಪು ನೊರೆ ಹಚ್ಚಿ, ಬ್ಲೇಡಿನಿಂದ ಬೋಳಿಸಿಬಿಡುತ್ತಿದ್ದರು. ನೋಡಲು ಬಹಳ ಚೊಕ್ಕಟ. ಬೆಳಿಗ್ಗೆ ಥಿಯೇಟರಿನ ದೊಡ್ಡ ದೀಪದ ಕೆಳಗೆ ಅದೇ ಚರ್ಮವನ್ನು ನೋಡಿದರೆ ಬೇರೆಯೇ ಕಥೆ: ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಬೆಕ್ಕು ಪರಚಿದಂತಹ ಗೆರೆಗಳು. ರಾತ್ರಿ ಆದ ಆ ಗೀರುಗಳಲ್ಲಿ ಬೆಳಗಾಗುವುದರೊಳಗೆ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೇಜರಿನಿಂದ ಬೋಳಿಸಿದವರಲ್ಲಿ ನೂರಕ್ಕೆ 5.6 ಜನರ ಗಾಯ ಕೀವಾಗಿತ್ತು. ಕೂದಲು ತೆಗೆಯದೇ ಬಿಟ್ಟವರಲ್ಲಿ ಅಥವಾ ಕ್ರೀಮಿನಿಂದ ತೆಗೆದವರಲ್ಲಿ 0.6 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೂದಲು ತೆಗೆಯಲೇಬೇಡಿ, ಅನಿವಾರ್ಯವಾದರೆ ಟ್ರಿಮ್ಮರಿನಂತಹದೇ ಕ್ಲಿಪ್ಪರಿನಿಂದ ಕತ್ತರಿಸಿ, ಬ್ಲೇಡು ಮಾತ್ರ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಹೆರಿಗೆಗೆ ಬರುವವರಿಗೂ ಬೋಳಿಸುವ ರೂಢಿ ಬೇಕಿಲ್ಲ ಎಂದು ಅದೇ ಸಂಸ್ಥೆ 2018ರಲ್ಲಿ ಹೇಳಿತು. ಆದರೂ ಎಷ್ಟೋ ಬಸುರಿಯರು ‘ಸಿಸ್ಟರ್ ಏನೆಂದುಕೊಳ್ಳುತ್ತಾರೋ’ ಎಂದು, ಕಾಣಿಸದ ಹೊಟ್ಟೆಯಡಿಗೆ ಕೈ ಚಾಚಿ, ಗಂಡನ ರೇಜರಿನಲ್ಲಿ ಗೀರಿಕೊಂಡು ಬರುತ್ತಾರೆ. ಸಿಸ್ಟರ್ ಏನೂ ಅಂದುಕೊಳ್ಳುವುದಿಲ್ಲ. ಗೀರು ಕಂಡರೆ ಮಾತ್ರ ಬೈಯುತ್ತಾಳೆ.

ತಮಾಷೆಯೆಂದರೆ ಎರಡು ಬ್ಲೇಡಿನ ರೇಜರ್ ಪೇಟೆಗೆ ಬಂದದ್ದೂ ಅದೇ 1971ರಲ್ಲಿ. ಮೊದಲ ಬ್ಲೇಡು ಕೂದಲನ್ನು ತುಸು ಎಳೆದು ಹಿಡಿಯುತ್ತದೆ, ಹಿಂದಿನದು ಕತ್ತರಿಸುತ್ತದೆ. ತುಂಡಾದ ಕೂದಲು ಚರ್ಮದ ಮಟ್ಟಕ್ಕಿಂತ ಒಳಕ್ಕೆ ಜಾರುತ್ತದೆ. ಕೆನ್ನೆಗೆ ಅದು ನುಣುಪು. ತೊಡೆಸಂದಿನ ಕೂದಲಾದರೋ ದಪ್ಪ, ಗುಂಗುರು. ಅದರ ಬುಡವೂ ಬಾಗಿಯೇ ಇರುತ್ತದೆ. ಓರೆಯಾಗಿ ಚೂಪಾಗಿ ಕತ್ತರಿಸಿದ ತುದಿ ಮತ್ತೆ ಬೆಳೆಯುವಾಗ ಹೊರಗೆ ಬರುವ ಬದಲು ಒಳಗೊಳಗೇ ಚರ್ಮವನ್ನು ಚುಚ್ಚುತ್ತದೆ, ಇಲ್ಲವೇ ಹೊರಬಂದು ಕೊಕ್ಕೆಯಂತೆ ಬಾಗಿ ಪಕ್ಕದಲ್ಲೇ ಹೊಕ್ಕುತ್ತದೆ. ಮುಳ್ಳು ಹೊಕ್ಕರೆ ದೇಹ ಹೇಗೆ ಕೆರಳುತ್ತದೆಯೋ ಹಾಗೆಯೇ ಇಲ್ಲಿಯೂ ಕೆರಳುತ್ತದೆ. ನಿಮ್ಮ ಎರಡನೆಯ ದಿನದ ಗುಳ್ಳೆ ಅದೇ. ಅದು ಕೊಳೆಯಿಂದ ಬಂದದ್ದಲ್ಲ, ಆದ್ದರಿಂದ ಇನ್ನಷ್ಟು ಸೋಪು ಹಾಕಿ ಉಜ್ಜಿದರೆ ಹೋಗುವುದೂ ಇಲ್ಲ. ಕೂದಲ ತುದಿ ಚರ್ಮದ ಮೇಲೆ ಒಂದು ಮಿಲಿಮೀಟರ್ ನಿಂತಿದ್ದರೆ ಈ ಆಟವೇ ನಡೆಯುವುದಿಲ್ಲ.

ಟ್ರಿಮ್ಮರ್ ಬಳಸುವ ಬಗೆ. ಸ್ನಾನಕ್ಕೆ ಮೊದಲು, ಕೂದಲು ಒಣಗಿರುವಾಗ ಮಾಡಿ; ಒದ್ದೆ ಕೂದಲು ಮುದುಡಿ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ತುದಿಗೆ ಹಾಕುವ ಬಾಚಣಿಗೆಯಂತಹ ಪ್ಲಾಸ್ಟಿಕ್ ಕವಚವನ್ನು ತೆಗೆಯಬೇಡಿ, ಮುಖ್ಯವಾಗಿ ಚರ್ಮ ಸಡಿಲವಾಗಿ ಮಡಿಕೆಯಾಗಿರುವ ಕಡೆ. ಯೋನಿಯ ತುಟಿಗಳ ಮೇಲೆ, ಗಂಡಸರಾದರೆ ವೃಷಣಚೀಲದ ಮೇಲೆ, ಕವಚವಿಲ್ಲದ ಟ್ರಿಮ್ಮರ್ ಕೂಡ ಚರ್ಮವನ್ನು ಕಚ್ಚುತ್ತದೆ, ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಬೆಳಕು ಚೆನ್ನಾಗಿರುವಲ್ಲಿ, ಇನ್ನೊಂದು ಕೈಯಿಂದ ಚರ್ಮವನ್ನು ಸಮತಟ್ಟಾಗಿ ಹಿಡಿದು ನಿಧಾನವಾಗಿ ಸರಿಸಿ. ಆಮೇಲೆ ಸ್ನಾನ ಮಾಡಿ, ಟವೆಲಿನಿಂದ ಒತ್ತಿ ಒರೆಸಿ, ಸಡಿಲವಾದ ಹತ್ತಿಯ ಒಳಉಡುಪು ಹಾಕಿಕೊಳ್ಳಿ. ರಾತ್ರಿ ಮಾಡುವುದು ಒಳ್ಳೆಯದು. ನಮ್ಮ ಕಡೆಯ ಬೆವರಿನಲ್ಲಿ ಬೆಳಿಗ್ಗೆ ಮಾಡಿ, ಬಿಗಿ ಲೆಗ್ಗಿಂಗ್ಸ್ ತೊಟ್ಟು ಬಸ್ಸಿನಲ್ಲಿ ಒಂದು ಗಂಟೆ ಕುಳಿತರೆ ಎಂತಹ ಚರ್ಮವೂ ಕೆಂಪಾಗುತ್ತದೆ.

ಇಲ್ಲ, ನುಣ್ಣಗೇ ಬೇಕು ಎನ್ನುತ್ತೀರಾ? ಬೇಡವೆನ್ನಲು ನಾನು ಯಾರು. ಹಾಗಾದರೆ ಮೊದಲು ಟ್ರಿಮ್ಮರಿನಿಂದ ಗಿಡ್ಡ ಮಾಡಿ, ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಯಲು ಬಿಡಿ. ಸ್ನಾನದ ಸೋಪಿನ ಬದಲು ಪರಿಮಳವಿಲ್ಲದ ಶೇವಿಂಗ್ ಜೆಲ್ ಹಚ್ಚಿ, ಒಂದೇ ಬ್ಲೇಡಿನ ಹೊಸ ರೇಜರಿನಲ್ಲಿ ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಒತ್ತಬೇಡಿ, ಒಂದೇ ಕಡೆ ಮೂರು ಮೂರು ಸಲ ಎಳೆಯಬೇಡಿ. ಟ್ರಿಮ್ಮರಿನಲ್ಲಿ ಚರ್ಮ ಹಿಡಿಯಲು ಹೇಳಿದೆನಲ್ಲ, ರೇಜರಿನಲ್ಲಿ ಬಿಗಿಯಾಗಿ ಎಳೆದು ಹಿಡಿಯಬಾರದು. ಬಿಟ್ಟ ಕೂಡಲೇ ಕತ್ತರಿಸಿದ ಕೂದಲು ಒಳಗೆ ಹೋಗಿ ಕೂರುತ್ತದೆ. ಕಂಕುಳಲ್ಲಿ ಕೂದಲು ಎರಡು ಮೂರು ದಿಕ್ಕಿಗೆ ಸುಳಿಯಾಗಿ ಬೆಳೆಯುವುದರಿಂದ ಅಲ್ಲಿ ಒಂದೊಂದು ಭಾಗ ನೋಡಿಕೊಂಡು ಮಾಡಬೇಕು, ಮತ್ತು ಆ ದಿನ ಡಿಯೋಡರೆಂಟ್ ಹೊಡೆಯಬಾರದು.

ಇನ್ನು ಕ್ರೀಮು. ಇದರ ಬಗ್ಗೆ ನನಗೆ ಸ್ವಂತ ದ್ವೇಷವಿದೆ. ಎಲ್ಲ ಗೊತ್ತಿದ್ದೂ ಅಕ್ಕನ ಮಗಳ ಮದುವೆಯ ಹಿಂದಿನ ದಿನ, ರಜೆ ಸಿಕ್ಕಿದ್ದೇ ತಡವಾಗಿ, ಅವಸರದಲ್ಲಿ ಕ್ರೀಮು ಹಚ್ಚಿಕೊಂಡು ಕುಳಿತೆ. ಐದು ನಿಮಿಷಕ್ಕೆ ತೊಳೆಯಬೇಕಿತ್ತು. ಅಷ್ಟರಲ್ಲಿ ತಮ್ಮನ ಫೋನ್ ಬಂತು, ಛತ್ರಕ್ಕೆ ಹಾಲು ಯಾರು ತರುವುದೆಂಬ ಜಗಳ. ಹನ್ನೆರಡು ನಿಮಿಷವಾಗಿತ್ತು. ಬೆವರಿನೊಂದಿಗೆ ಕ್ರೀಮು ತೊಡೆಯ ಅಂಚಿನಿಂದ ಒಳಕ್ಕೆ ಇಳಿದಿತ್ತು. ಇಪ್ಪತ್ತು ನಿಮಿಷ ತಣ್ಣೀರು ಹರಿಸಿಕೊಂಡು ಬಚ್ಚಲಲ್ಲಿ ನಿಂತೆ. ಮರುದಿನ ರೇಷ್ಮೆ ಸೀರೆಯೊಳಗೆ ಕಾಲು ಅಗಲಿಸಿಕೊಂಡು ನಡೆದೆ. ಕೇಳಿದವರಿಗೆಲ್ಲ ಮಂಡಿನೋವು ಎಂದೆ, ಮೂವರು ಎಣ್ಣೆಯ ಹೆಸರು ಹೇಳಿದರು. ಈ ಕ್ರೀಮುಗಳಲ್ಲಿರುವ ಥಯೋಗ್ಲೈಕೊಲೇಟ್ ಕೂದಲಿನ ಕೆರಾಟಿನ್ ಎಂಬ ಪ್ರೋಟೀನನ್ನು ಕರಗಿಸುತ್ತದೆ. ಚರ್ಮದ ಮೇಲ್ಪದರವೂ ಕೆರಾಟಿನ್‌ನದೇ, ಕ್ರೀಮಿಗೆ ಭೇದ ತಿಳಿಯುವುದಿಲ್ಲ. ಹುಳಿ, ಕ್ಷಾರಗಳನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ ಚರ್ಮದ್ದು ಐದರ ಆಸುಪಾಸು ಇದ್ದರೆ ಕ್ರೀಮಿನದು ಹನ್ನೆರಡರ ಹತ್ತಿರ, ಅಂದರೆ ತೀಕ್ಷ್ಣ ಕ್ಷಾರ. ಶಸ್ತ್ರಚಿಕಿತ್ಸೆಯ ಲೆಕ್ಕದಲ್ಲಿ ಕ್ರೀಮು ರೇಜರಿಗಿಂತ ಒಳ್ಳೆಯದೆಂದು ಮೇಲೆ ಬರೆದೆ, ಅದು ಹೊಟ್ಟೆಯಂತಹ ಗಟ್ಟಿ ಚರ್ಮಕ್ಕೆ ಸರಿ. ಜನನಾಂಗಕ್ಕೆ ಬೇಡವೆಂದು ಎಷ್ಟೋ ಡಬ್ಬಗಳ ಮೇಲೆಯೇ ಬರೆದಿರುತ್ತದೆ, ಓದುವವರು ಕಡಿಮೆ. ನಿಮಗೆ ಒಮ್ಮೆ ಉರಿದಿದೆ ಎಂದ ಮೇಲೆ ಇನ್ನೊಂದು ಕಂಪನಿಯದನ್ನು ಪರೀಕ್ಷಿಸುವುದೂ ಬೇಡ. ಅಗ್ಗದ ಪೊಟ್ಟಣಗಳಲ್ಲಿ ಬರುವ, ಕೊಳೆತ ಮೊಟ್ಟೆಯ ವಾಸನೆಯ ಪುಡಿಯನ್ನಂತೂ ಮನೆಯೊಳಗೇ ತರಬೇಡಿ. ಅಂತಹ ಪುಡಿಗಳಲ್ಲಿ ಬೇರಿಯಂ ಸಲ್ಫೈಡ್ ಇರುವುದುಂಟು. ಹೊಟ್ಟೆಗೆ ಹೋದರೆ ಅದು ವಿಷ.

ವ್ಯಾಕ್ಸಿಗೆ ಕೂದಲು ಸುಮಾರು ಐದು ಮಿಲಿಮೀಟರ್ ಬೆಳೆದಿರಬೇಕು. ಬುಡಸಹಿತ ಬರುವುದರಿಂದ ಹೆಚ್ಚು ದಿನ ಬಾಳಿಕೆ, ಆದರೆ ಹೊಸ ಕೂದಲು ಒಳಗೇ ಸುರುಳಿ ಸುತ್ತುವ ತೊಂದರೆ ಇದರಲ್ಲಿಯೂ ಇದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವ್ಯಾಕ್ಸ್ ಹತ್ತಿರ ಸುಳಿಯಬೇಡಿ, ಚರ್ಮವೇ ಕಿತ್ತು ಬರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳು ಕಾಯಬೇಕು. ಪಾರ್ಲರಿಗೆ ಹೋಗುವುದಾದರೆ, ಒಬ್ಬರಿಗೆ ಬಳಸಿದ ಕಡ್ಡಿಯನ್ನು ಮತ್ತೆ ಅದೇ ವ್ಯಾಕ್ಸಿನ ಡಬ್ಬಕ್ಕೆ ಅದ್ದುತ್ತಾರೆಯೇ ಎಂದು ಗಮನಿಸಿ. ಅದ್ದಿದರೆ ಎದ್ದು ಬನ್ನಿ.

ಲೇಸರ್ ಕೇಳಿದವರಿಗೆಲ್ಲ ನಾನು ಹೇಳುವುದು ಚರ್ಮರೋಗ ತಜ್ಞರ ಬಳಿ ಮಾಡಿಸಿ ಎಂದು. ಅದು ಕೂದಲಿನ ಕಪ್ಪು ಬಣ್ಣವನ್ನು ಗುರಿಯಾಗಿಸಿ ಸುಡುತ್ತದೆ, ನಮ್ಮ ಚರ್ಮದಲ್ಲಿಯೂ ಅದೇ ಬಣ್ಣವಿದೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ತಿಂಗಳಿಗೊಂದರಂತೆ ಆರೇಳು ಸಲವಾದರೂ ಬೇಕು, ಹಾಗಾಗಿ ನಿಮ್ಮ ಮದುವೆಗೆ ಅದು ಆಗುವ ಮಾತಲ್ಲ.

ಮನೆಮದ್ದು ಹೇಳದಿದ್ದರೆ ಯಾರಾದರೂ ಬಂದು ಹೇಳಿಯೇ ಹೇಳುತ್ತಾರೆ. ಕಡಲೆಹಿಟ್ಟು, ಅರಿಸಿನ ಉಜ್ಜಿದರೆ ಕೂದಲು ಬರುವುದು ನಿಲ್ಲುವುದಿಲ್ಲ. ಉಜ್ಜಿದ ಚರ್ಮ ಕಪ್ಪಾಗುತ್ತದೆ, ಅಷ್ಟೇ. ಪಟಿಕವನ್ನು ಕ್ಷೌರದಂಗಡಿಯಲ್ಲಿ ಗಡ್ಡದ ಗೀರಿಗೆ ಉಜ್ಜುವುದನ್ನು ನೋಡಿ ತೊಡೆಸಂದಿಗೂ ಉಜ್ಜಿಕೊಂಡವರು ನನಗೆ ಗೊತ್ತು, ಅವರ ಕಣ್ಣೀರೂ ಗೊತ್ತು. ನಿಮಗೆ ಮದುವೆಯ ಅರಿಸಿನಶಾಸ್ತ್ರ ಇದ್ದರೆ ಹಿಂದಿನ ಮೂರು ನಾಲ್ಕು ದಿನ ಕಂಕುಳಿಗೆ ಬ್ಲೇಡು, ವ್ಯಾಕ್ಸ್ ಯಾವುದೂ ಬೇಡ. ಹಸಿ ಚರ್ಮದ ಮೇಲೆ ಎಣ್ಣೆ, ಅರಿಸಿನ ಕುಳಿತರೆ ಉರಿಯೂ ಬರುತ್ತದೆ, ಗುಳ್ಳೆಯೂ ಬರುತ್ತದೆ.

ಈಗಾಗಲೇ ಇರುವ ಗುಳ್ಳೆಗಳಿಗೆ ಮೊದಲ ಚಿಕಿತ್ಸೆ ಏನೂ ಮಾಡದಿರುವುದು. ಮೂರು ನಾಲ್ಕು ವಾರ ಕೂದಲು ಬೆಳೆಯಲು ಬಿಡಿ. ದಿನಕ್ಕೆರಡು ಸಲ ಬೆಚ್ಚಗಿನ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಕೂದಲಿನ ಕೊಕ್ಕೆ ಕಣ್ಣಿಗೆ ಕಾಣುತ್ತಿದ್ದರೆ ಸ್ಪಿರಿಟಿನಲ್ಲಿ ಒರೆಸಿದ ಚಿಮಟದಿಂದ ತುದಿಯನ್ನು ಮೆಲ್ಲಗೆ ಎತ್ತಿ ಬಿಡಿಸಿ, ಕೀಳಬೇಡಿ, ಹಿಂಡಬೇಡಿ. ಔಷಧ ಅಂಗಡಿಗೆ ಹೋಗಿ ‘ತುರಿಕೆಗೆ ಏನಾದರೂ ಕೊಡಿ’ ಎಂದು ಮಾತ್ರ ಕೇಳಬೇಡಿ. ಮೂರು ನಾಲ್ಕು ಔಷಧ ಬೆರೆಸಿದ ಮುಲಾಮು ಕೊಡುತ್ತಾರೆ, ಅದರಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ಮಾಯ. ವಾರಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ, ಬಸಿರಿನ ಗೆರೆಗಳಂತಹ ಗೆರೆ ಬಿಡುತ್ತದೆ. ಅವು ಮತ್ತೆ ಹೋಗುವುದಿಲ್ಲ. ನಿಮಗಿರುವುದು ಗುಳ್ಳೆಯಲ್ಲದೆ ಅಂಚು ಕೆಂಪಾಗಿ ಉಂಗುರದಂತೆ ಹರಡುವ ತುರಿಕೆಯಾದರೆ ಅದು ಗಜಕರ್ಣ ಇರಬಹುದು. ಸ್ಟೀರಾಯ್ಡ್ ಹಚ್ಚಿದರೆ ಅದು ವೇಷ ಮರೆಸಿಕೊಂಡು ಇನ್ನಷ್ಟು ಹರಡುತ್ತದೆ.

ನೋವಿನ ಗಡ್ಡೆ ನೆಲ್ಲಿಕಾಯಿ ಗಾತ್ರಕ್ಕೆ ಬೆಳೆದರೆ, ಕೆಂಪು ಸುತ್ತಲೂ ಹರಡಿದರೆ, ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ ಇರುವವರು ಅಷ್ಟಕ್ಕೂ ಕಾಯಬಾರದು. ಕಂಕುಳು, ತೊಡೆಸಂದು ಎರಡೂ ಕಡೆ ವರ್ಷಕ್ಕೆ ಹಲವು ಸಲ ಕುರು ಏಳುತ್ತಿದ್ದರೆ ಅದು ರೇಜರಿನ ತಪ್ಪೂ ಅಲ್ಲ, ನಿಮ್ಮ ಸ್ನಾನದ ತಪ್ಪೂ ಅಲ್ಲ. ಅದು ಬೇರೆಯೇ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಹಾಗೆಯೇ ಕಂಕುಳು, ಕುತ್ತಿಗೆ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿದ್ದರೆ ಬಿಳುಪಿನ ಕ್ರೀಮಿಗೆ ಹಣ ಹಾಕುವ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ನಿಮ್ಮ ಕೈಯಲ್ಲಿ ಐದಾರು ವಾರಗಳಿವೆ. ಮೊದಲ ನಾಲ್ಕು ವಾರ ಚರ್ಮಕ್ಕೆ ರಜೆ. ಆಮೇಲೆ ಒಮ್ಮೆ ಟ್ರಿಮ್ಮರಿನಲ್ಲಿ ಮಾಡಿ ನೋಡಿ, ಕೈ ಪಳಗುತ್ತದೆ. ಮದುವೆಯ ಹಿಂದಿನ ರಾತ್ರಿ ಮತ್ತೊಮ್ಮೆ ಮಾಡಿದರೂ ತೊಂದರೆಯಿಲ್ಲ. ಗುಳ್ಳೆಯ ಭಯವಿಲ್ಲದೆ ಹಿಂದಿನ ರಾತ್ರಿ ಮಾಡಬಹುದಾದದ್ದು ಇದೊಂದೇ.

ಸಾವಿರ ರೂಪಾಯಿಯ ಆಸುಪಾಸಿನ ಟ್ರಿಮ್ಮರ್ ಸಾಕು. ಬಳಸಿದ ಮೇಲೆ ಬ್ರಷ್ಷಿನಿಂದ ಕೂದಲು ಉದುರಿಸಿ, ಸ್ಪಿರಿಟಿನಿಂದ ಒರೆಸಿ ಒಣಗಿಸಿಡಿ. ಅದು ನಿಮ್ಮೊಬ್ಬರದೇ ಆಗಿರಲಿ, ಮದುವೆಯಾದ ಮೇಲೂ. ನಾನು ನನ್ನದರ ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದಿದ್ದೆ. ಆದರೂ ಒಂದು ಭಾನುವಾರ ನಮ್ಮ ಯಜಮಾನರು ಅದರಲ್ಲೇ ಮೀಸೆ ಸರಿಮಾಡಿಕೊಂಡು, ಚೆನ್ನಾಗಿ ಕತ್ತರಿಸುತ್ತದೆ ಎಂದು ಹೊಗಳಿದರು. ನಾನು ಅವರಿಗೆ ಏನೂ ಹೇಳಲಿಲ್ಲ. ಮಾರನೆಯ ದಿನ ನನಗೆ ಹೊಸದೊಂದು ತಂದುಕೊಂಡೆ.