ಬಲೆಯಲ್ಲಿರೋ ಮುತ್ತಿನ ಚಿಪ್ಪುಗಳು ಬಾಯಿ ಬಿಟ್ಟು ಸಾಯುತ್ತಿವೆ. ಪರೋಪಜೀವಿ ಇದೆಯಾ ಅಂತ ನೋಡಿ ಹೇಳೋದು ಹೇಗೆ? ಯಾವ ಔಷಧಿ ಹಾಕಲಿ?

ನೋಡಿ ಹೇಳೋಕೆ ಆಗಲ್ಲ. ಔಷಧಿಯೂ ಇಲ್ಲ. ಹರಿಯುವ ನೀರಿಗೆ ಹಾಕಿ ಅಂತ ಯಾರು ಏನೇ ಮಾರಿದರೂ ದುಡ್ಡು ಕೊಡಬೇಡಿ.

ನನ್ನದು ಮುತ್ತಿನದಲ್ಲ, ಕಲ್ವಾ, ಅಂದರೆ ತಿನ್ನುವ ಚಿಪ್ಪು. ಕಾರವಾರದ ಸದಾಶಿವಗಡದ ಹತ್ತಿರ ಕಾಳಿ ಅಳಿವೆಯಲ್ಲಿ ಬಿದಿರಿನ ತೆಪ್ಪ ಕಟ್ಟಿ ಬಲೆಚೀಲ ಇಳಿಬಿಟ್ಟಿದ್ದೆ. ಮೇ ತಿಂಗಳ ಒಂದು ಬೆಳಿಗ್ಗೆ ಚೀಲ ಎತ್ತಿದರೆ ಹತ್ತರಲ್ಲಿ ಮೂರು ಬಾಯಿ ಬಿಟ್ಟಿದ್ದವು. ಬೆರಳಲ್ಲಿ ತಟ್ಟಿದರೂ ಮುಚ್ಚಲಿಲ್ಲ. ಉಳಿದವನ್ನು ಬಿಡಿಸಿ ನೋಡಿದೆ, ಮಾಂಸ ತೆಳ್ಳಗೆ, ನೀರುನೀರು.

ಪರೀಕ್ಷೆಗೆ ಕಳಿಸಲು ನಾನು ಸತ್ತವನ್ನೇ ಆರಿಸಿದೆ. ಕೆಡಬಾರದು ಅಂತ ಫಾರ್ಮಲಿನ್‌ನಲ್ಲಿ ಮುಳುಗಿಸಿ ದೂರದ ಒಂದು ಲ್ಯಾಬಿಗೆ ಪಾರ್ಸೆಲ್ ಮಾಡಿದೆ. ಎರಡು ವಾರದ ಮೇಲೆ ಉತ್ತರ ಬಂತು: ಏನೂ ಹೇಳಲಾಗದು. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ. ನಾವು ಹುಡುಕುತ್ತಿದ್ದುದು ಪರ್ಕಿನ್ಸಸ್ ಎಂಬ ಒಂದೇ ಕೋಶದ ಪರೋಪಜೀವಿ. ತಮಿಳುನಾಡು ಕರಾವಳಿಯ ಮುತ್ತಿನ ಚಿಪ್ಪಿನಲ್ಲಿ ಅದು ಇರುವುದು 2010ರಲ್ಲೇ ವರದಿಯಾಗಿದೆ. ಅದನ್ನು ಹಿಡಿಯಲು ಈಗಲೂ ಬಳಸುವುದು ರೇ ಎಂಬುವರು 1952ರಲ್ಲಿ ಕೊಟ್ಟ ವಿಧಾನ. ಕಿವಿರು, ಮ್ಯಾಂಟಲ್ (ಚಿಪ್ಪಿನೊಳಗೆ ಮಾಂಸವನ್ನು ಹೊದ್ದಿರುವ ಪದರ), ಕರುಳಿನ ತುದಿಯ ಚೂರುಗಳನ್ನು ಥಯೋಗ್ಲೈಕೊಲೇಟ್ ದ್ರವದಲ್ಲಿ ಹಾಕಿ, ಕತ್ತಲಲ್ಲಿ 5ರಿಂದ 7 ದಿನ ಇಡುತ್ತಾರೆ. ಅಲ್ಲಿ ಆ ಜೀವಿ ಉಬ್ಬುತ್ತದೆ. ಆಮೇಲೆ ಅಯೋಡಿನ್ ಹಾಕಿದರೆ ನೀಲಿಗಪ್ಪಾಗಿ ಕಾಣುತ್ತದೆ. ಉಬ್ಬಬೇಕಾದರೆ ಅದು ಬದುಕಿರಬೇಕು, ಅಲ್ವಾ? ನಾನು ಫಾರ್ಮಲಿನ್ ಹಾಕಿ ಅದನ್ನೇ ಕೊಂದಿದ್ದೆ. ಕೊಯ್ದು ಸ್ಲೈಡ್ ಮಾಡೋಣ ಅಂದರೆ ಮಾಂಸ ಮೊದಲೇ ಕೊಳೆತಿತ್ತು.

ಮತ್ತೆ ಕಳಿಸುವಷ್ಟರಲ್ಲಿ ಮಳೆ ಹಿಡಿಯಿತು. ಕಾಳಿಯಲ್ಲಿ ಸಿಹಿನೀರು ತುಂಬಿ ಉಳಿದವೂ ಹೋದವು. ರೋಗ ಕೊಂದದ್ದೆಷ್ಟು, ಸಿಹಿನೀರು ಕೊಂದದ್ದೆಷ್ಟು, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದಿಡೀ ವರ್ಷದ ಕೆಲಸ ಅದು.

ಮರುವರ್ಷ ಏಪ್ರಿಲ್‌ನಲ್ಲೇ ಬದುಕಿದ್ದ ಕಲ್ವಾ ಕೊಟ್ಟೆ. ಬಿಸಿಲು, ಉಪ್ಪು ಏರಿದಾಗಲೇ ಈ ಜೀವಿ ಬಲಿಯುವುದು. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಕಿವಿರಿನ ಚೂರಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಗುಂಡುಗಳು. ಹೊರಗಿನಿಂದ ಆ ಚಿಪ್ಪು ಎಷ್ಟು ಚೆನ್ನಾಗಿತ್ತು ಗೊತ್ತಾ!

ಚಿಪ್ಪಿನ ಒಳಮೈಯಲ್ಲಿ ಕೆಸರು ತುಂಬಿದ ಗುಳ್ಳೆ ಕಂಡರೆ ಅದು ಬೇರೆ, ಚಿಪ್ಪು ಕೊರೆಯುವ ಹುಳು. ಅದನ್ನೇ ನೋಡಿ ಕಾರಣ ಸಿಕ್ಕಿತು ಅಂತ ನಿಲ್ಲಬೇಡಿ.

ಬದುಕಿರುವ 30 ಚಿಪ್ಪು ಕೊಡಿ. ನೂರರಲ್ಲಿ ಹತ್ತಕ್ಕೆ ರೋಗವಿದ್ದರೂ ಅಷ್ಟರಲ್ಲಿ ಒಂದಾದರೂ ಸಿಗುವ ಭರವಸೆ ಶೇ. 95. ಹೊಟ್ಟೆ ಉರಿಯುತ್ತದೆ, ಆದರೂ ಕೊಡಿ. ಒದ್ದೆ ಗೋಣಿಯಲ್ಲಿ ಸುತ್ತಿ, ತಂಪಾಗಿ, ಅವತ್ತೇ ಮುಟ್ಟಿಸಿ. ಕಾರವಾರದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ, ಮೊದಲು ಅಲ್ಲಿ ಫೋನ್ ಮಾಡಿ ಕೇಳಿ. ಮುತ್ತು ಬೆಳೆಸಲು ಮ್ಯಾಂಟಲ್ ತುಂಡು ತೆಗೆಯುವ ಚಿಪ್ಪುಗಳನ್ನೂ ಪರೀಕ್ಷೆಯಾಗದೆ ಕೊಯ್ಯಬೇಡಿ. ಸತ್ತವನ್ನು ಮಾತ್ರ ತೆಪ್ಪದ ಪಕ್ಕ ಎಸೆಯಬೇಡಿ. ಕೊಳೆತ ಮಾಂಸದಿಂದ ಹೊರಬಂದದ್ದನ್ನು ಪಕ್ಕದ ಚಿಪ್ಪುಗಳು ನೀರಿನ ಜೊತೆ ಒಳಗೆಳೆದುಕೊಳ್ಳುತ್ತವೆ. ದಡಕ್ಕೆ ತಂದು ಹೂಳಿ.