ಕ್ರಿಪ್ಟೋದಲ್ಲಿ ನಾನು ಕೊಂಡರೆ ಬೀಳುತ್ತೆ, ಮಾರಿದರೆ ಏರುತ್ತೆ. ಯಾಕೆ ಹೀಗೆ?

ನೀವು ಕೇಳಿರುವುದು ಇಷ್ಟು: ಕ್ರಿಪ್ಟೋಗೆ ಬಂದು ಮೂರು ತಿಂಗಳಾಯಿತು, ಹಾಕಿದ 80 ಸಾವಿರ ಈಗ 45 ಸಾವಿರ ಆಗಿದೆ. ಕೊಂಡಾಗಲೆಲ್ಲ ಬೀಳುತ್ತದೆ, ಹೆದರಿ ಮಾರಿದ ಮೇಲೆ ಏರುತ್ತದೆ. ಪರ್ಸನಲ್ ಲೋನ್ ತೆಗೆದು ಕೆಳಗಿನ ಬೆಲೆಯಲ್ಲಿ ಇನ್ನಷ್ಟು ಕೊಂಡರೆ ಹೋದದ್ದು ವಾಪಸ್ ಬರುತ್ತಾ? ಈ ದಾರಿಯಲ್ಲಿ ನಾನೂ ನಡೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಸೆ ಕೊಳ್ಳಿಸುತ್ತದೆ, ಭಯ ಮಾರಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆದದ್ದು ಉಲ್ಟಾ. ನನ್ನಿಂದ ಮೊದಲ ಸಲ ಕೊಳ್ಳಿಸಿದ್ದೇ ಭಯ.

2021ರ ದೀಪಾವಳಿ. ಟಿ20 ವಿಶ್ವಕಪ್ ನಡೆಯುತ್ತಿತ್ತು, ಮ್ಯಾಚ್ ಮಧ್ಯೆ ಬರೀ ಕ್ರಿಪ್ಟೋ ಜಾಹೀರಾತು. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಭಾವ ಮೊಬೈಲ್ ತೋರಿಸಿದರು. ಸ್ಕ್ರೀನ್ ತುಂಬ ಹಸಿರು. "ಏನೂ ಮಾಡಿಲ್ಲ ಮಾರಾಯ, ಸುಮ್ನೆ ಹಾಕಿಟ್ಟೆ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಶ್ರೀಮಂತನಾಗಬೇಕು ಅಂತಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ ನನ್ನ ಎಲೆಯೊಂದನ್ನೇ ಬಿಟ್ಟು ಹೋದ ಹಾಗೆ ಸಂಕಟ. ಬೆಳಿಗ್ಗೆ ಎದ್ದು 40 ಸಾವಿರ ಹಾಕಿದೆ. ಬಿಟ್‌ಕಾಯಿನ್ ಆಗ 62 ಸಾವಿರ ಡಾಲರ್ ಆಸುಪಾಸಿನಲ್ಲಿತ್ತು. ನವೆಂಬರ್ 10ಕ್ಕೆ 69 ಸಾವಿರದ ಹತ್ತಿರ ಹೋಯಿತು. ಆಗ ಇನ್ನೂ 60 ಸಾವಿರ ಸೇರಿಸಿದೆ. 2022ರ ಜನವರಿ ಕೊನೆಗೆ ಅದು 33 ಸಾವಿರದವರೆಗೆ ಇಳಿಯಿತು. ಎರಡು ರಾತ್ರಿ ಮೊಬೈಲನ್ನು ದಿಂಬಿನ ಕೆಳಗಿಟ್ಟುಕೊಂಡು ಗಂಟೆಗೊಮ್ಮೆ ಎದ್ದು ನೋಡಿದೆ. ಮೂರನೇ ದಿನ ಎಲ್ಲ ಮಾರಿದೆ. ಲಕ್ಷದಲ್ಲಿ ಅರ್ಧದಷ್ಟು ಉಳಿಯಿತು. ಮಾರ್ಚ್ ಕೊನೆಗೆ ಅದೇ ಬಿಟ್‌ಕಾಯಿನ್ 47 ಸಾವಿರ ದಾಟಿತ್ತು.

ಷೇರುಪೇಟೆ ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕುತ್ತದೆ, ಶನಿವಾರ ಭಾನುವಾರ ರಜೆ. ಕ್ರಿಪ್ಟೋಗೆ ರಜೆಯೇ ಇಲ್ಲ. ರಾತ್ರಿ ಎರಡು ಗಂಟೆಗೂ ಮಾರಬಹುದು, ಕೊಳ್ಳಬಹುದು. ನಿದ್ದೆಗೆಟ್ಟ ತಲೆಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಆದರೆ ನನಗೆ ನಿಜವಾದ ಪೆಟ್ಟು ಬಿದ್ದದ್ದು ಲೂನಾ ಅನ್ನೋ ಇನ್ನೊಂದು ಕ್ರಿಪ್ಟೋ ಕಾಯಿನ್‌ನಲ್ಲಿ. ನೀವು ಕೇಳುತ್ತಿರುವ 'ಕೆಳಗಿನ ಬೆಲೆಯಲ್ಲಿ ಇನ್ನಷ್ಟು' ಅನ್ನೋ ಯೋಚನೆಯೇ ಅಲ್ಲಿ ನನ್ನನ್ನು ಕೆಡವಿತು. 2022ರ ಮೇ ಶುರುವಿನಲ್ಲಿ ಲೂನಾ 80 ಡಾಲರ್ ಹತ್ತಿರ ಇತ್ತು. ಮೇ 10ರಂದು 30 ಡಾಲರ್ ಸುತ್ತ ಓಡಾಡುತ್ತಿತ್ತು. 80ರ ಮಾಲು 30ಕ್ಕೆ ಸಿಗ್ತಿದೆ, ಜನವರಿಯಲ್ಲಿ ಕಳೆದದ್ದನ್ನೆಲ್ಲ ಒಂದೇ ಏಟಿಗೆ ತೆಗೀಬಹುದು ಅಂತ ಲೆಕ್ಕ ಹಾಕಿದೆ. 30 ಸಾವಿರ ಹಾಕಿದೆ. ಮರುದಿನ ಒಂದು ಡಾಲರ್ ಹತ್ತಿರ ಬಂತು. ಮಾರಲಿಲ್ಲ. ಜನವರಿಯಲ್ಲಿ ಹೆದರಿ ಮಾರಿ ಕೆಟ್ಟೆ, ಈ ಸಲ ಗಟ್ಟಿಯಾಗಿ ಹಿಡೀಬೇಕು ಅಂದುಕೊಂಡೆ. 13ರ ಹೊತ್ತಿಗೆ ಒಂದು ಕಾಯಿನ್‌ಗೆ ಒಂದು ಪೈಸೆಯೂ ಇರಲಿಲ್ಲ.

ಒಳಗೆ ನಡೆದದ್ದೇ ಬೇರೆ. ಲೂನಾಗೆ ಯುಎಸ್‌ಟಿ ಅನ್ನೋ ಜೋಡಿ ಕಾಯಿನ್ ಇತ್ತು. ಅದರ ಬೆಲೆ ಸದಾ ಒಂದು ಡಾಲರ್ ಇರಬೇಕು. ಒಂದು ಯುಎಸ್‌ಟಿ ಕೊಟ್ಟರೆ ಒಂದು ಡಾಲರ್ ಬೆಲೆಯಷ್ಟು ಹೊಸ ಲೂನಾ ಹುಟ್ಟಿಸಿ ಕೊಡುತ್ತಿದ್ದರು. ಯುಎಸ್‌ಟಿ ಇಟ್ಟರೆ ವರ್ಷಕ್ಕೆ ಸುಮಾರು 20% ಬಡ್ಡಿ ಅಂತ ಜನ ಮುಗಿಬಿದ್ದಿದ್ದರು. ಅದು ಡಾಲರ್‌ಗಿಂತ ಕೆಳಗೆ ಜಾರಿದಾಗ ಎಲ್ಲರೂ ಒಟ್ಟಿಗೆ ವಾಪಸ್ ಕೊಡಲು ಬಂದರು. ಲೂನಾ ಬಿದ್ದಷ್ಟೂ ಒಂದೊಂದು ಡಾಲರಿಗೆ ಇನ್ನೂ ಜಾಸ್ತಿ ಲೂನಾ ಹುಟ್ಟಬೇಕಾಯಿತು. ಸುಮಾರು 35 ಕೋಟಿ ಇದ್ದ ಕಾಯಿನ್‌ಗಳು ಕೆಲವೇ ದಿನಗಳಲ್ಲಿ ಸುಮಾರು 6.5 ಲಕ್ಷ ಕೋಟಿ ಆದವು. ನಾನು ಅಗ್ಗ ಅಂದುಕೊಂಡ 30 ಡಾಲರಿಗೂ ಹಳೆಯ 80ಕ್ಕೂ ಸಂಬಂಧವೇ ಉಳಿದಿರಲಿಲ್ಲ. ಇದನ್ನು ಓದಿ ತಿಳಿಯಲು ಹತ್ತು ನಿಮಿಷ ಸಾಕಿತ್ತು. ಕಳೆದದ್ದನ್ನು ವಾಪಸ್ ತರೋ ಅವಸರದಲ್ಲಿ ಆ ಹತ್ತು ನಿಮಿಷ ಕೂರಲಿಲ್ಲ.

ಕಾಹ್ನೆಮನ್ ಮತ್ತು ಟ್ವೆರ್ಸ್ಕಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ಕಳೆದ ನೋವು ದೊಡ್ಡದು. ಆ ನೋವಿನಲ್ಲಿ ಇರುವವರು ಬೇರೆ ದಿನ ಮುಟ್ಟದ ಅಪಾಯಕ್ಕೂ ಕೈ ಹಾಕುತ್ತಾರೆ. ನೀವು ಈಗ ಅಲ್ಲೇ ನಿಂತಿದ್ದೀರಿ ಅನ್ನಿಸುತ್ತದೆ.

ಬೇಗ ವಾಪಸ್ ಬರಲಿ ಅಂತ ಫ್ಯೂಚರ್ಸ್ ಕಡೆ, ಅಂದರೆ ಬೆಲೆ ಏರುತ್ತಾ ಬೀಳುತ್ತಾ ಅಂತ ಪಣ ಕಟ್ಟೋ ವ್ಯವಹಾರದ ಕಡೆ, ಹೋಗಬೇಡಿ. ಅಲ್ಲಿ 20 ಪಟ್ಟು ಲೆವರೇಜ್ ತೆಗೆದುಕೊಂಡರೆ, ಅಂದರೆ ಕೈಯಲ್ಲಿರುವ ಹಣದ 20 ಪಟ್ಟು ಮೊತ್ತಕ್ಕೆ ವ್ಯವಹಾರ ಮಾಡಿದರೆ, ಬೆಲೆ 5% ನಿಮ್ಮ ವಿರುದ್ಧ ತಿರುಗಿದರೆ ಸಾಕು, ಹಾಕಿದ ಹಣ ಪೂರ್ತಿ ಹೋಗುತ್ತದೆ. ಬಿಟ್‌ಕಾಯಿನ್‌ಗೆ 5% ಒಂದು ಮಧ್ಯಾಹ್ನದ ಮಾತು. ತೆರಿಗೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಒಂದು ಕಾಯಿನ್‌ನಲ್ಲಿ 20 ಸಾವಿರ ಹೋಗಿ ಇನ್ನೊಂದರಲ್ಲಿ 20 ಸಾವಿರ ಬಂದರೆ ನಿಮಗೆ ಲೆಕ್ಕ ಸರಿಹೋಯಿತು ಅನಿಸುತ್ತದೆ. ಆದರೆ ಬಂದ 20 ಸಾವಿರಕ್ಕೆ 6 ಸಾವಿರ ಕಟ್ಟಬೇಕು, ಸೆಸ್ ಬೇರೆ.

ನಾನು ಈಗ ಒಂದು ಹಳೇ ನೋಟ್‌ಬುಕ್ ಇಟ್ಟಿದ್ದೇನೆ. ಕೊಳ್ಳುವ ಮೊದಲು ಯಾಕೆ ಕೊಳ್ಳುತ್ತಿದ್ದೇನೆ, ಎಷ್ಟಕ್ಕೆ ಬಿದ್ದರೆ ಮಾರುತ್ತೇನೆ, ಎಷ್ಟಕ್ಕೆ ಏರಿದರೆ ಮಾರುತ್ತೇನೆ ಅಂತ ಕೈಯಲ್ಲಿ ಬರೆಯುತ್ತೇನೆ. ಬರೆದು ಒಂದು ದಿನ ಬಿಡುತ್ತೇನೆ. ಮರುದಿನ ಓದಿದಾಗ ಎಷ್ಟೋ ಸಲ 'ಯಾಕೆ' ಅನ್ನೋ ಜಾಗದಲ್ಲಿ ಬರೀ 'ಏರುತ್ತಿದೆ' ಅಂತ ಇರುತ್ತದೆ. ಅಂಥದ್ದನ್ನು ಕೊಳ್ಳುವುದಿಲ್ಲ.

ಇನ್ನು ನಿಮ್ಮ 45 ಸಾವಿರ. 80 ಸಾವಿರ ಹಾಕಿದ್ದನ್ನು ಒಂದು ನಿಮಿಷ ಮರೆಯಿರಿ. ಈ 45 ಸಾವಿರ ಇವತ್ತು ನಗದಾಗಿ ನಿಮ್ಮ ಕೈಲಿ ಇದ್ದಿದ್ದರೆ, ಇದೇ ಕಾಯಿನ್‌ಗಳನ್ನು ಕೊಳ್ಳುತ್ತಿದ್ದಿರಾ? ಹೌದು ಅನ್ನಿಸಿದ್ದನ್ನು ಇಟ್ಟುಕೊಳ್ಳಿ, ಇಲ್ಲ ಅನ್ನಿಸಿದ್ದನ್ನು ಮಾರಿ. ರಾತ್ರಿ ಅಲ್ಲ, ಬೆಳಿಗ್ಗೆ ತಿಂಡಿ ಆದ ಮೇಲೆ. ಲೋನ್ ಮಾತ್ರ ಬೇಡ. ಕಾಯಿನ್ ಏರಲಿ ಬೀಳಲಿ, ತಿಂಗಳ ಕಂತು ನಿಲ್ಲುವುದಿಲ್ಲ. ಈಗಾಗಲೇ ಅರ್ಜಿ ಹಾಕಿದ್ದರೆ ಇವತ್ತೇ ಫೋನ್ ಮಾಡಿ ರದ್ದು ಮಾಡಿಸಿ.